ಗೋಡೆಗೆ ಮುಖ ಮಾಡಿದ ಬಿಲ್ಲೆ

ಕೆಜಿಎಫ್‌ನಲ್ಲಿ ನಾನು ಮೂವತ್ತಾರು ವರ್ಷ ದುಡಿದ ಕಾರ್ಖಾನೆಯ ಶೆಡ್ಡಿನಲ್ಲಿ, ಟೂಲ್ ಸ್ಟೋರಿನ ಕಿಟಕಿಯ ಪಕ್ಕದಲ್ಲಿ, ಹಸಿರು ಬಣ್ಣ ಬಳಿದ ಒಂದು ಮರದ ಹಲಗೆ ಇತ್ತು. ಹಲಗೆಯ ತುಂಬ ಸಾಲಾಗಿ ಮೊಳೆಗಳು, ಪ್ರತಿ ಮೊಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು. ಬೆಳಗ್ಗೆ ಒಳಗೆ ಬಂದವನು ಜೇಬಿನಿಂದ ತನ್ನ ಹಿತ್ತಾಳೆಯ ಬಿಲ್ಲೆ ತೆಗೆದು ತನ್ನ ಮೊಳೆಗೆ ತಗುಲಿಸಬೇಕು. ಅವನು ಡ್ಯೂಟಿಗೆ ಬಂದಿದ್ದಾನೆ ಅನ್ನುವುದಕ್ಕೆ ಅದೇ ಗುರುತು. ಸ್ಪ್ಯಾನರೋ ಡ್ರಿಲ್ಲೋ ಬೇಕಾದಾಗ ಅದೇ ಬಿಲ್ಲೆಯನ್ನು ಕಿಟಕಿಯೊಳಗೆ ಕೊಟ್ಟು ಸಾಮಾನು ತೆಗೆದುಕೊಳ್ಳುವುದು, ಸಾಮಾನು ಮರಳಿಸಿದಾಗ ಬಿಲ್ಲೆ ಪಡೆಯುವುದು. ಬಿಲ್ಲೆಯ ಒಂದು ಮುಖದಲ್ಲಿ ನಂಬರು ಕೊರೆದಿತ್ತು, ಇನ್ನೊಂದು ಮುಖ ಬೋಳು. ನನಗೀಗ ಎಪ್ಪತ್ತೊಂದು. ಮೊಮ್ಮಕ್ಕಳ ಹೆಸರು ಒಮ್ಮೊಮ್ಮೆ ಒಂದಕ್ಕೊಂದು ಅದಲುಬದಲಾಗುತ್ತದೆ. ನನ್ನ ಬಿಲ್ಲೆಯ ನಂಬರು ಮಾತ್ರ ತಪ್ಪುವುದಿಲ್ಲ.

ನಾನು ಬರೆಯುವ ರೂಢಿಯವನಲ್ಲ. ಬೂದಿಕೋಟೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೆಲ್ಪರಾಗಿ ಸೇರಿದವನು, ಫೋರ್‌ಮನ್ ಆಗಿ ಹೊರಗೆ ಬಂದವನು. ಈವರೆಗೆ ಬರೆದದ್ದೆಲ್ಲ ಶಿಫ್ಟಿನ ಪುಸ್ತಕದಲ್ಲಿ. ಆದರೆ ಆ ಹಲಗೆಯ ಮುಂದೆ ನಾನು ಮಾಡಿದ ಒಂದು ಕೆಲಸವಿದೆ, ಅದೇ ಹಲಗೆಯ ಮುಂದೆ ಇನ್ನೊಬ್ಬ ಮಾಡಿದ ಕೆಲಸವೂ ಇದೆ. ನನ್ನದನ್ನು ಹೇಳದೆ ಅವನದನ್ನು ಹೇಳಲು ಬರುವುದಿಲ್ಲ.

ಮೊದಲು ನನ್ನದು. ನಾನಿನ್ನೂ ಚಾರ್ಜ್‌ಹ್ಯಾಂಡ್, ಅಂದರೆ ಫೋರ್‌ಮನ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಆಗಿದ್ದಾಗ ನಮ್ಮಲ್ಲಿ ಲೇತ್ ಮೆಷಿನ್ನಿನ ಒಬ್ಬ ಹಿರಿಯರಿದ್ದರು. ಧಾರವಾಡದ ಕಡೆಯಿಂದ ಬಂದು ಇಲ್ಲೇ ಸಂಸಾರ ಹೂಡಿದವರು. ಕೂದಲೆಳೆಯಷ್ಟೂ ಅಳತೆ ತಪ್ಪದ ಕೈ. ಒಂದು ದಿನ ಮೆಷಿನ್ ಓಡುತ್ತಿದ್ದ ಹಾಗೆಯೇ ಅವರ ಕಣ್ಣಿಂದ ನೀರು ಇಳಿಯತೊಡಗಿತು. ಏನಾಯಿತು ಅಂದರೆ ಏನೂ ಆಗಿಲ್ಲ ಅಂದರು, ಅಳು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋಗಿ, ಕೆಲವು ವಾರ ಬಿಟ್ಟು ಚೀಟಿ ತಂದು ಡ್ಯೂಟಿಗೆ ಸೇರಿದರು. ಅವರು ಸೇರಿದ ದಿನ, ಟೀ ಬರುವ ಹೊತ್ತಿಗೆ, ನಾನು ಎದ್ದು ಹಲಗೆಯ ಹತ್ತಿರ ಹೋಗಿ ಅವರ ಬಿಲ್ಲೆಯನ್ನು ತಿರುಗಿಸಿ ಹಾಕಿದೆ. ನಂಬರು ಗೋಡೆಯ ಕಡೆಗೆ, ಬೋಳು ಮುಖ ಜನರ ಕಡೆಗೆ.

"ಯಜಮಾನ್ರ ನಂಬ್ರು ಅಳಿಸೋಗೈತೆ ಕಣ್ರೋ" ಅಂದೆ.

ಶೆಡ್ಡು ನಕ್ಕಿತು. ನಾನು ಹೊಸದಾಗಿ ಮೇಲೆ ಬಂದವನು, ಹುಡುಗರ ಮೆಚ್ಚುಗೆ ನನಗೆ ಬೇಕಾಗಿತ್ತು. ಮರುದಿನ ಆ ಬಿಲ್ಲೆಯನ್ನು ತಿರುಗಿಸಿದವನು ನಾನಲ್ಲ, ಬೇರೆ ಯಾರೋ. ಅದರ ಮರುದಿನ ಇನ್ನೊಬ್ಬ. ಆ ಹಿರಿಯರು ಪ್ರತಿ ಸಲವೂ ಅದನ್ನು ಸರಿ ಮಾಡುತ್ತಿದ್ದರು. ವರ್ಷ ತುಂಬುವುದರೊಳಗೆ ರಾಜೀನಾಮೆ ಬರೆದು ಊರಿಗೆ ಹೋದರು. ಪದ್ಧತಿ ಉಳಿಯಿತು. ಯಾರಾದರೂ ಮಂಕಾದರೆ, ಊಟ ಬಿಟ್ಟರೆ, ಒಂದೇ ಕಡೆ ನೋಡುತ್ತ ನಿಂತರೆ, "ಬಿಲ್ಲೆ ತಿರುಗ್ಸನಾ?" ಅನ್ನುವುದು ನಮ್ಮ ಶೆಡ್ಡಿನ ಮಾತಾಯಿತು. ಅದನ್ನು ಯಾರು ಶುರು ಮಾಡಿದ್ದು ಅನ್ನುವುದು ಹೊಸಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅದು ಬೇರೂರಲು ಒಳ್ಳೆಯ ಮಣ್ಣೂ ಇತ್ತು. ನಮ್ಮಲ್ಲಿ ಅರ್ಧ ಜನ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯವರು, ಚಿನ್ನದ ಗಣಿ ಕಾರ್ಮಿಕರ ಮಕ್ಕಳು. ಅವರ ಅಪ್ಪಂದಿರು ಕಬ್ಬಿಣದ ಕೇಜಿನಲ್ಲಿ ನಿಂತು ಮೈಲಿಗಟ್ಟಲೆ ಆಳಕ್ಕೆ ಇಳಿದು, ಕಲ್ಲು ಸಿಡಿಯುವ ಸದ್ದಿನ ನಡುವೆ ಬುತ್ತಿ ಬಿಚ್ಚಿ ಉಂಡು ಮೇಲೆ ಬಂದವರು. ಭಯ ಅನ್ನುವವನು ಕೇಜಿಗೆ ಕಾಲಿಡಬಾರದು, ಪಕ್ಕದಲ್ಲಿ ನಿಂತವನ ಧೈರ್ಯವನ್ನೂ ಕೆಡಿಸುತ್ತಾನೆ ಅನ್ನುವುದು ಅವರ ಮನೆಗಳ ನಿಯಮ. ಗಣಿ ಮುಚ್ಚಿತು, ಆ ನಿಯಮ ಮುಚ್ಚಲಿಲ್ಲ. ನಮ್ಮ ಹಳ್ಳಿಗಳ ಕಡೆಯವರಿಗೂ ಅದು ಹಿಡಿಸಿತು. ಜ್ವರ ಬಂದರೆ ಜ್ವರ ಅನ್ನಬಹುದು, ಬೆರಳು ಹೋದರೆ ಬೆರಳು ತೋರಿಸಬಹುದು. ಮನಸ್ಸು ಕೆಟ್ಟರೆ ತೋರಿಸಲು ಏನಿದೆ?

ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ಅದು ನನಗೇ ಬಂತು. ಕಾರಣ ಹೇಳಿ ಅಂದರೆ ಇವತ್ತಿಗೂ ಹೇಳಲಾರೆ. ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಒಂದು ಬೆಳಗ್ಗೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೆಜಿಎಫ್ ಬಸ್ಸು ಬಂದು ಎದುರಿಗೆ ನಿಂತಿತು, ನನ್ನ ಕಾಲು ಮೆಟ್ಟಿಲಿಗೆ ಏಳಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಎದೆಯ ಮೇಲೆ ಯಾರೋ ಕೂತ ಹಾಗೆ. ಬಿಸಿಲು ಏರುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದು ಮನೆಗೆ ಮರಳಿದೆ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮಾರನೆಯ ವಾರ ನನ್ನ ಕೈ ಹಿಡಿದು ರೈಲು ಹತ್ತಿಸಿ ಬೆಂಗಳೂರಿನ ಡಾಕ್ಟರ ಮುಂದೆ ಕೂರಿಸಿದಳು. ಅವಳು ಓದಿದವಳಲ್ಲ. ತನ್ನ ತವರಿನಲ್ಲಿ ಒಬ್ಬಳು ಹೀಗೇ ಆಗಿ, ಯಾರೂ ಕರೆದುಕೊಂಡು ಹೋಗದೆ ಹಾಳಾದದ್ದನ್ನು ಕಂಡಿದ್ದಳು, ಅಷ್ಟೆ.

ಕಾರ್ಖಾನೆಗೆ ನಾನು ಕಾಮಾಲೆ ಅಂತ ಬರೆದುಕೊಟ್ಟೆ. ಸುಳ್ಳಿಗೂ ಪಥ್ಯ ಬೇಕು. ಮೂರು ತಿಂಗಳು ಕ್ಯಾಂಟೀನಿನಲ್ಲಿ ಎಲ್ಲರೂ ವಡೆ ತಿನ್ನುವಾಗ ನಾನು ಮಜ್ಜಿಗೆ ಅನ್ನ ಕಲಸಿಕೊಂಡು ಕೂತೆ. ಪಾಪ, ಗಣಿ ಕಡೆಯ ಒಬ್ಬ ಮುದುಕ ದಿನಾ ಬೆಳಗ್ಗೆ ನೆಲನೆಲ್ಲಿ ಸೊಪ್ಪು ಕಿತ್ತು ತಂದು, ತಾನೇ ಕಲ್ಲಿನ ಮೇಲೆ ಅರೆದು, ಮುಂದೆ ನಿಂತು ಕುಡಿಸುತ್ತಿದ್ದ. ಆ ಕಹಿಯ ಮೇಲೆ, ಯಾರೂ ನೋಡದಾಗ, ನಶ್ಯದ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ ನುಂಗುತ್ತಿದ್ದೆ. ಗುಣವಾಯಿತು. ಎದೆಯ ಮೇಲಿಂದ ಆ ಭಾರ ಎದ್ದು ಹೋದ ದಿನ ಬೇತಮಂಗಲದ ಕೆರೆಯ ನೀರನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ್ದು ನೆನಪಿದೆ. ಅಷ್ಟು ಚಿಕ್ಕ ಮಾತ್ರೆ, ಅಷ್ಟು ದೊಡ್ಡ ಭಾರ ಅಂತ ಬೆರಗಾಗಿತ್ತು. ನನ್ನ ಮೂಲಕ ಆ ಬೆರಗು ಇನ್ನೊಬ್ಬನಿಗೆ ದಾಟಬೇಕಾಗಿತ್ತು. ದಾಟಲು ನಾನು ಬಿಡಲಿಲ್ಲ.

ಎರಡು ಸಲ ಮಾತ್ರೆ ನಿಲ್ಲಿಸಿ ನೋಡಿದೆ, ಎರಡು ಸಲವೂ ಅದು ಮರಳಿ ಬಂತು. ಹಾಗಾಗಿ ಮೂರು ತಿಂಗಳಿಗೊಮ್ಮೆ ಗುರುವಾರ ಬೆಂಗಳೂರಿಗೆ ಹೋಗಲೇಬೇಕಾಯಿತು. ಕಾಮಾಲೆ ಎಷ್ಟು ಸಲ ಬಂದೀತು? ಈ ಸಲ ದೇವರನ್ನು ಹಿಡಿದುಕೊಂಡೆ. ಹರಕೆ ಇದೆ, ಮೂರು ತಿಂಗಳಿಗೊಮ್ಮೆ ಹೋಗಿ ಬರಬೇಕು ಅಂದೆ. ಯಾವ ದೇವರು ಅಂತ ಕೇಳಿದರೆ ಮನೆದೇವರು ಅನ್ನುತ್ತಿದ್ದೆ. ಬರುವಾಗ ಬೆಂಗಳೂರು ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಕಲ್ಲುಸಕ್ಕರೆ ಕೊಂಡು, ಮರುದಿನ ಶೆಡ್ಡಿನಲ್ಲಿ ಪ್ರಸಾದ ಅಂತ ಹಂಚುತ್ತಿದ್ದೆ. ರಿಟೈರಾಗುವವರೆಗೂ ಹಂಚಿದೆ. ಫೋರ್‌ಮನ್ ದೈವಭಕ್ತ ಅಂತ ಹೆಸರಾಯಿತು. ಈ ಮಧ್ಯೆ ಇನ್ನೂ ಕೆಲವರ ಬಿಲ್ಲೆ ತಿರುಗಿತು. ನಾನು ತಡೆಯಲಿಲ್ಲ. ತಡೆದರೆ ಇವನಿಗೇಕೆ ಇಷ್ಟು ಮರುಕ ಅಂತ ಯಾರಾದರೂ ಯೋಚಿಸಿಯಾರು ಅನ್ನುವ ಹೆದರಿಕೆಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಈಗ ಅವನ ವಿಷಯ. ನಾನು ಹೇಳಹೊರಟವನು ನಮ್ಮ ಶೆಡ್ಡಿನ ಕ್ರೇನ್ ಆಪರೇಟರ್. ತಾಳೆಮರದೆತ್ತರಕ್ಕೆ, ಶೆಡ್ಡಿನ ಚಾವಣಿಯ ಕೆಳಗೆ, ಆ ಗೋಡೆಯಿಂದ ಈ ಗೋಡೆಗೆ ಚಾಚಿದ ಉಕ್ಕಿನ ತೊಲೆ. ಅದರಿಂದ ಇಳಿಬಿದ್ದ ಒಂದು ಕ್ಯಾಬಿನ್, ಸಂತೆಯಲ್ಲಿ ಕೋಳಿ ಮಾರುವವರ ಪಂಜರದ ಹಾಗೆ. ಅದರೊಳಗೆ ದಿನವಿಡೀ ಒಬ್ಬನೇ ಕೂತು, ಕೆಳಗಿನವರ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣವನ್ನು ಅವನು ತೇಲಿಸಿಕೊಂಡು ಹೋಗುತ್ತಿದ್ದ. ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವನು, ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಕೆಳಗೆ ನಿಂತು ಅವನಿಗೆ ಕೈಸನ್ನೆ ಕೊಡುವ ಸ್ಲಿಂಗರ್ ಜೊತೆ ತೆಲುಗು. ಅವನ ಅಪ್ಪ ಗಣಿಗಿಳಿದವನು. ಅಪ್ಪ ಹೋದಷ್ಟು ಕೆಳಗೆ ಹೋಗಲು ಆಗದು, ಅದಕ್ಕೇ ಮೇಲೆ ಹತ್ತಿದೆ ಅಂತ ತಮಾಷೆ ಮಾಡುತ್ತಿದ್ದ. ಅವನು ಇಳಿಸಿದ ಭಾರ ನೆಲ ಮುಟ್ಟಿದ್ದು ಸದ್ದಿನಿಂದ ಗೊತ್ತಾಗುತ್ತಿರಲಿಲ್ಲ, ಸರಪಳಿ ಸಡಿಲವಾದಾಗಲೇ ಗೊತ್ತಾಗುತ್ತಿತ್ತು.

ನಾನು ರಿಟೈರಾಗುವುದಕ್ಕೆ ಮೂರು ವರ್ಷ ಮೊದಲು, ಒಂದು ಶನಿವಾರ ಮಧ್ಯಾಹ್ನ, ಅವನು ನನ್ನ ಕ್ಯಾಬಿನ್ನಿಗೆ ಬಂದ. ಕೈಯಲ್ಲಿ ರಜೆಯ ಅರ್ಜಿ. ಅದಕ್ಕೆ ನಾನು ಸಹಿ ಮಾಡಿದರೆ ಡಿಸ್ಪೆನ್ಸರಿಗೆ, ಅಲ್ಲಿಂದ ಮೇಲಕ್ಕೆ. ನಿಂತೇ ಮಾತಾಡಿದ.

"ಸಾರ್, ಒಂದ್ ತಿಂಗ್ಳಿಂದ ನಿದ್ದೆ ಇಲ್ಲ. ಮೇಲೆ ಕೂತ್ರೆ ನೆಲ ಕರೀತದೆ ಸಾರ್. ಬಾ ಬಾ ಅಂತದೆ."

"ಸಾಯಂಕಾಲ ಶಿಫ್ಟ್ ಮುಗುದ್ಮೇಲೆ ಬತ್ತೀನಿ ಅಂತ ಏಳ್ಲಾ ಅದುಕ್ಕೆ" ಅಂದೆ.

ಅವನು ನಗಲು ನೋಡಿದ, ತುಟಿ ಅರ್ಧಕ್ಕೆ ನಿಂತಿತು. ನಾನು ಅರ್ಜಿ ಓದಿದೆ. ಕಾರಣದ ಜಾಗದಲ್ಲಿ, ನಾನು ಯಾವತ್ತೂ ಬರೆಯಲಾಗದ ಮಾತನ್ನು, ದಪ್ಪ ಅಕ್ಷರದಲ್ಲಿ, ಮನಸ್ಸಿನ ಚಿಕಿತ್ಸೆಗೆ ಅಂತ ಬರೆದಿದ್ದ. ಯಾವ ಆಸ್ಪತ್ರೆ ಅಂತ ಕೇಳಿದೆ. ಹೇಳಿದ. ಯಾವ ದಿನ ಅಂದೆ. ಗುರುವಾರ ಅಂದ.

ಅದು ನನ್ನ ಆಸ್ಪತ್ರೆ, ನನ್ನ ಗುರುವಾರ. ಅಲ್ಲಿಯ ಉದ್ದನೆಯ ಬೆಂಚು ನನ್ನ ಕಣ್ಣ ಮುಂದೆ ಬಂತು. ಅದರ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಇವನು. ಅವನ ನಿದ್ದೆ, ಅವನ ಎತ್ತರ, ಅವನ ಜೀವ, ಯಾವುದೂ ನನಗೆ ಕಾಣಲಿಲ್ಲ. ಬೆಂಚು ಮಾತ್ರ ಕಂಡಿತು. ಇದನ್ನು ನಾನು ಇಷ್ಟು ವರ್ಷದಲ್ಲಿ ಒಬ್ಬರ ಮುಂದೆ ಮಾತ್ರ ಹೇಳಿದ್ದೇನೆ.

ಅರ್ಜಿಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದೆ. "ಇದ್ನ ಬರುದ್ರೆ ನಿನ್ನ ಮತ್ತೆ ಕ್ರೇನ್ ಹತ್ತಿಸಲ್ಲ ಕಣ್ಲಾ. ನಿಮ್ಮಪ್ಪ ಅಷ್ಟು ಕೆಳ್ಗಿಳ್ದು ಬಂದೋನು, ನೀನು ಗಾಳೀಲಿ ಕೂತ್ಕಂಡು ಭಯ ಅಂತೀಯ. ನಾಳೆ ನಿನ್ನ ಬಿಲ್ಲೆ ತಿರುಗ್ಸಿದ್ರೆ ತಡ್ಕಂತೀಯೇನ್ಲಾ?"

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಸರಿ ಸಾರ್ ಅಂದ. ಬಾಗಿಲ ತನಕ ಹೋದವನನ್ನು ಕರೆದು, ಡ್ರಾಯರಿನಲ್ಲಿದ್ದ ಕಲ್ಲುಸಕ್ಕರೆಯ ಪೊಟ್ಟಣ ಕೊಟ್ಟೆ. ಮನೆದೇವರ ಪ್ರಸಾದ, ಎಲ್ಲ ಸರಿಹೋಗುತ್ತದೆ ಅಂದೆ. ಎರಡೂ ಕೈ ಚಾಚಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ.

ಆಮೇಲೆ ಹನ್ನೊಂದು ದಿನ. ಬೆಳಗ್ಗೆ ಶೆಡ್ಡಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಗಾಜಿನ ಹಿಂದೆ ಅವನ ತಲೆ ಕಂಡರೆ ಉಸಿರು ಬಿಡುತ್ತಿದ್ದೆ. ಟೀ ಹೊತ್ತಿಗೆ ಮತ್ತೊಮ್ಮೆ ನೋಡುತ್ತಿದ್ದೆ. ಊಟಕ್ಕೆ ಅವನು ಏಣಿ ಇಳಿಯುವಾಗ ಎದ್ದು ನಿಲ್ಲುತ್ತಿದ್ದೆ, ಅವನ ಕಾಲು ನೆಲಕ್ಕೆ ತಾಕುವವರೆಗೆ ಕೂರುತ್ತಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ನೆಲ ಕರೆಯುವುದು ಅಂದರೆ ಏನು ಅನ್ನುವುದು ಆ ಶೆಡ್ಡಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವನನ್ನು ಕೆಳಗೆ ಕರೆಯಲಿಲ್ಲ. ಅವನ ಹುಕ್ಕಿನ ಕೆಳಗೆ ಓಡಾಡುವವರ ಬಗೆಗೂ ಯೋಚಿಸಲಿಲ್ಲ. ಒಂದು ಸಹಿ ಸಾಕಾಗಿತ್ತು.

ಹನ್ನೆರಡನೆಯ ದಿನ, ಬೆಳಗ್ಗೆ ಹತ್ತರ ಸುಮಾರಿಗೆ, ಕ್ರೇನು ಶೆಡ್ಡಿನ ನಟ್ಟನಡುವೆ ನಿಂತಿತು. ಹುಕ್ಕಿನಲ್ಲಿ ಎತ್ತಿನಗಾಡಿಯಷ್ಟು ದೊಡ್ಡ ಗೇರ್ ಕೇಸಿಂಗ್ ತೂಗುತ್ತಿತ್ತು. ಮೊದಲು ಎಲ್ಲರೂ ಕರೆಂಟು ಹೋಯಿತು ಅಂದುಕೊಂಡರು. ದೀಪಗಳು ಉರಿಯುತ್ತಿದ್ದವು. ಒಂದೊಂದೇ ಮೆಷಿನ್ ನಿಂತಿತು. ಎಲ್ಲರ ಕತ್ತು ಮೇಲೆ. ಕ್ಯಾಬಿನ್ನಿನ ಗಾಜಿನ ಹಿಂದೆ ಅವನು ಎದ್ದು ನಿಂತಿದ್ದ. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಹಿಡಿದಿದ್ದ. ಯಾರೋ ಕೂಗಿದರು, ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ನಾನು ನನ್ನ ಕ್ಯಾಬಿನ್ನಿನ ಬಾಗಿಲಿಗೆ ಓಡಿ ಬಂದು ನಿಂತೆ. ಅವನ ಸ್ಲಿಂಗರ್ ಮಾತ್ರ ಕೂಗಲಿಲ್ಲ, ಓಡಲಿಲ್ಲ. ಭಾರದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೇಲೆ ನೋಡುತ್ತ, ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ದಿನಾ ಕೊಡುವ ಸನ್ನೆಯನ್ನೇ ಕೊಟ್ಟ. ಇಳಿಸು, ನಿಧಾನ. ಕೊಟ್ಟ, ಮತ್ತೆ ಕೊಟ್ಟ. ಮಗುವನ್ನು ತಟ್ಟಿ ಮಲಗಿಸುವವರ ಕೈ ಹಾಗೆ ಆಡುತ್ತದೆ. ಎಷ್ಟು ಹೊತ್ತು ಅಂತ ಹೇಳಲಾರೆ. ಮೇಲೆ ನಿಂತಿದ್ದವನು ಕೂತ.

ಭಾರ ಇಳಿಯತೊಡಗಿತು. ಅಷ್ಟು ನಿಧಾನವಾಗಿ ಇಳಿದದ್ದನ್ನು ನಾನು ಕಂಡಿಲ್ಲ. ಕೇಸಿಂಗು ಮರದ ದಿಮ್ಮಿಗಳ ಮೇಲೆ ಬಂದು ಕೂತಿತು, ಕೆಳಗೆ ಕೋಳಿಮೊಟ್ಟೆ ಇಟ್ಟಿದ್ದರೂ ಒಡೆಯುತ್ತಿರಲಿಲ್ಲ. ಸರಪಳಿ ಸಡಿಲಾಯಿತು. ಖಾಲಿ ಹುಕ್ಕು ಮೇಲೆ ಹೋಯಿತು. ಕ್ರೇನು ಏಣಿಯ ಕಡೆಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಸ್ವಿಚ್ಚು ಆರಿಸಿದ್ದೂ ಕೇಳಿಸಿತು, ಅಷ್ಟು ನಿಶ್ಶಬ್ದ. ತನ್ನ ಒಳಗಿನದೆಲ್ಲ ಕೈಬಿಟ್ಟು ಹೋಗುತ್ತಿದ್ದ ಹೊತ್ತಿನಲ್ಲಿ ಆ ಮನುಷ್ಯ ಕ್ರೇನು ಆರಿಸುವ ಕ್ರಮದಲ್ಲಿ ಒಂದನ್ನೂ ಬಿಡಲಿಲ್ಲ. ನಮ್ಮಲ್ಲಿ ಒಬ್ಬನ ಕೂದಲೂ ಕೊಂಕಲಿಲ್ಲ.

ಏಣಿಯ ಒಂದೊಂದು ಮೆಟ್ಟಿಲನ್ನೂ ಎರಡೂ ಕೈಯಲ್ಲಿ ಹಿಡಿದು ಇಳಿದ. ಬೆವರಿಗೆ ಅಂಗಿ ಮೈಗಂಟಿತ್ತು. ಆ ಉದ್ದನೆಯ ಶೆಡ್ಡನ್ನು ಈ ತುದಿಯಿಂದ ಆ ತುದಿಗೆ, ಎಲ್ಲರ ನಡುವೆ, ನಡೆದು ಹೋದ. ನನ್ನ ಕ್ಯಾಬಿನ್ ದಾಟಿದ, ತಿರುಗಿ ನೋಡಲಿಲ್ಲ. ಹಲಗೆಯ ಮುಂದೆ ನಿಂತು ತನ್ನ ಬಿಲ್ಲೆ ತೆಗೆದ. ಅದನ್ನು ತಿರುಗಿಸಿ, ಬೋಳು ಮುಖವನ್ನು ನಮ್ಮ ಕಡೆ ಮಾಡಿ, ಮತ್ತೆ ಮೊಳೆಗೆ ಹಾಕಿದ.

"ನಾನೇ ತಿರುಗ್ಸಿದೀನಿ, ನೋಡ್ಕೊಳಿ ಎಲ್ಲಾ" ಅಂದ. ಕೂಗಿ ಹೇಳಲಿಲ್ಲ. "ಮೇಲೆ ಇರಕ್ಕೆ ನನ್ ಕೈಲಿ ಆಗಲ್ಲ. ಮನಸ್ಸು ಸರಿಯಿಲ್ಲ. ಡಾಕ್ಟ್ರತ್ರ ಹೋಗ್ತೀನಿ."

ಅದೇ ಹಲಗೆಯ ಮುಂದೆ ಇಪ್ಪತ್ತು ವರ್ಷದ ಹಿಂದೆ ನಕ್ಕಿದ್ದ ಶೆಡ್ಡು ಅದು. ಆ ದಿನ ಒಬ್ಬನೂ ನಗಲಿಲ್ಲ. ಗಣಿಯವರ ಮಕ್ಕಳು ಕೇಜಿನಲ್ಲಿ ನಿಂತವರ ಹಾಗೆ ಒತ್ತೊತ್ತಾಗಿ ನಿಂತಿದ್ದರು. ಸ್ಲಿಂಗರ್ ತನ್ನ ಕೈಗವಸು ಕಳಚಿ ಬೆಂಚಿನ ಮೇಲಿಟ್ಟು, ನನ್ನ ಅನುಮತಿ ಕೇಳದೆ, ಅವನ ಹೆಗಲ ಮೇಲೆ ಕೈ ಹಾಕಿ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದ. ನಾನು ನಿಂತಲ್ಲೇ ನಿಂತಿದ್ದೆ.

ಆಮೇಲೆ ಆ ಸ್ಲಿಂಗರನ್ನು ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತೇನಪ್ಪಾ ಅಂತ. "ತಿಂಗ್ಳಿಂದ ಹುಕ್ಕೇ ಹೇಳ್ತಾ ಇತ್ತು ಸಾರ್" ಅಂದ. "ಅದು ಮುಂಚೆ ಯಾವತ್ತೂ ನಡುಗ್ತಿರ್ಲಿಲ್ಲ." ಹುಕ್ಕಿನ ನಡುಕವನ್ನು ಓದಿದವನು ಅವನು. ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಹಿಂದಕ್ಕೆ ತಳ್ಳಿದವನು ನಾನು.

ಮೇಲಿನವರು ವಿಚಾರಿಸಿದರು. ಅವನು ನಿಮಗೆ ಮೊದಲೇ ತಿಳಿಸಿದ್ದನೇ ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಅವನನ್ನೂ ಕರೆದು ಕೇಳಿದ್ದರಂತೆ, ಫೋರ್‌ಮನ್‌ಗೆ ಹೇಳಿದ್ದೆಯಾ ಅಂತ. ಅವನೂ ಇಲ್ಲ ಅಂದಿದ್ದ. ನಾಲ್ಕು ಮಡಿಕೆಯ ಆ ಕಾಗದ ಅವನ ಜೇಬಿನಲ್ಲೇ ಇದ್ದಿರಬೇಕು. ಅದನ್ನು ಯಾಕೆ ತೋರಿಸಲಿಲ್ಲ ಅಂತ ನಾನು ಕೇಳಿಲ್ಲ, ಅವನು ಹೇಳಿಲ್ಲ.

ಎರಡು ತಿಂಗಳಿಗೆ ಮರಳಿ ಬಂದ. ಮೈ ಸ್ವಲ್ಪ ಊದಿತ್ತು, ಕಣ್ಣು ತಿಳಿಯಾಗಿತ್ತು. ಕ್ರೇನಿಗೆ ಬೇಡ ಅಂತ ಟೂಲ್ ಸ್ಟೋರಿಗೆ ಹಾಕಿದರು. ಹೀಗೆ ಅವನು ಬಂದು ಕೂತದ್ದು ಆ ಹಲಗೆಯ ಪಕ್ಕದ ಕಿಟಕಿಯಲ್ಲೇ. ಪ್ರತಿದಿನ ಬೆಳಗ್ಗೆ ತನ್ನ ಬಿಲ್ಲೆಯನ್ನು ತಾನೇ ತಿರುಗಿಸಿ ಹಾಕುತ್ತಿದ್ದ. ಒಂದು ಸಲ ಯಾರೋ ಕನಿಕರಪಟ್ಟು ಅದನ್ನು ಸರಿ ಮಾಡಿದರು. "ಬುಡಪ್ಪಾ, ಅದು ನಂದು" ಅಂತ ಎದ್ದು ಬಂದು ಮತ್ತೆ ತಿರುಗಿಸಿದ. ಗೇಲಿ ಮಾಡುವವರಿಗೆ ಮಾಡಲು ಏನೂ ಉಳಿಯಲಿಲ್ಲ. ಅವರ ಆಯುಧವನ್ನು ಅವನು ದಿನಾ ತನ್ನ ಕೈಯಿಂದಲೇ ಗೋಡೆಗೆ ತೂಗುಹಾಕುತ್ತಿದ್ದ.

ಮುಂದೆ ನಡೆದದ್ದನ್ನು ನಾನು ಗಮನಿಸಲು ತಿಂಗಳುಗಳೇ ಬೇಕಾದವು. ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತಿದ್ದೆ. ವೆಲ್ಡಿಂಗಿನವನೊಬ್ಬ ಬಂದ. ಬಿಲ್ಲೆ ತಿರುಗಿಸುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು, ಗಟ್ಟಿ ಗಂಟಲಿನ ಆಳು. ಒಂದು ಸುತ್ತಿಗೆ ಕೇಳಿದ. ಕೇಳುತ್ತ ತನ್ನ ಬಿಲ್ಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ನಂಬರು ಕೆಳಗೆ ಮಾಡಿ ಇಟ್ಟ. ಬೆರಳನ್ನು ಅದರ ಮೇಲಿಂದ ತೆಗೆಯಲಿಲ್ಲ. ಒಳಗಿದ್ದವನು ಬಿಲ್ಲೆಯನ್ನೂ ನೋಡಿದ, ಅವನ ಮುಖವನ್ನೂ ನೋಡಿದ. ಸುತ್ತಿಗೆ ತಂದುಕೊಟ್ಟ.

"ಟೀ ಟೈಮಲ್ಲಿ ಹಿಂದ್ಗಡೆ ಬಾ" ಅಂದ, ಸುತ್ತಿಗೆಯ ಹಿಡಿ ಸಡಿಲವಿದೆ ಅನ್ನುವವನ ದನಿಯಲ್ಲಿ.

ನನಗೆ ಅರ್ಥವಾಯಿತು. ಆಮೇಲೆ ಗಮನವಿಟ್ಟು ನೋಡತೊಡಗಿದೆ. ವಾರಕ್ಕೊಬ್ಬನೋ, ತಿಂಗಳಿಗಿಬ್ಬರೋ. ಸಾಮಾನು ಬೇಕಿಲ್ಲದಿದ್ದರೂ ಬರುತ್ತಿದ್ದರು. ಕಟ್ಟೆಯ ಮೇಲೆ ಬಿಲ್ಲೆ ಬೋರಲಾಗಿ ಬಿದ್ದಿರುತ್ತಿತ್ತು. ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಕೆಲವರ ಜೊತೆ ಅವನೇ ಬೆಂಗಳೂರಿಗೆ ಹೋಗಿ ಬಂದ. ಕೆಲವರಿಗೆ ಮಾತಾಡಿದ್ದಷ್ಟೇ ಸಾಕಾಯಿತು ಅಂತ ಕಾಣುತ್ತದೆ. ಯಾರು, ಏನು ಅನ್ನುವುದು ಅವನ ಬಾಯಿಂದ ಒಮ್ಮೆಯೂ ಹೊರಬೀಳಲಿಲ್ಲ. ನಾನು ಒಬ್ಬನನ್ನು ಅವಮಾನಿಸಲು ಹುಟ್ಟಿಸಿದ ಗುರುತನ್ನು, ಬಾಯಿ ಇಲ್ಲದವರು ಸಹಾಯ ಕೇಳುವ ಗುರುತಾಗಿ ಅವನು ಮಾಡಿಟ್ಟಿದ್ದ. ಯಾರೂ ಕೂತು ತೀರ್ಮಾನಿಸಿದ್ದಲ್ಲ, ಯಾವ ನೋಟೀಸೂ ಹಾಕಿದ್ದಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, ನೀವು ಯಾವಾಗ ಇಡ್ತೀರಿ ಅಂದಳು.

ಎರಡು ವರ್ಷ ಇಡಲಿಲ್ಲ. ಅವನ ಕಣ್ಣಿಗೆ ಬೀಳಬಾರದು ಅಂತ ಆಸ್ಪತ್ರೆಯ ದಿನವನ್ನೂ ಗುರುವಾರದಿಂದ ಸೋಮವಾರಕ್ಕೆ ಬದಲಿಸಿಕೊಂಡಿದ್ದೆ. ಕಿಟಕಿಯ ತನಕ ಹೋಗಿ, ಜೇಬಿನಲ್ಲಿ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿ, ನಂಬರು ಮೇಲೆ ಮಾಡಿಯೇ ಇಟ್ಟು ಬರುತ್ತಿದ್ದೆ.

ರಿಟೈರಾದ ದಿನ ನನಗೆ ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬ ಎದ್ದು ನಿಂತು ನನ್ನ ದೈವಭಕ್ತಿಯನ್ನೂ, ಅಷ್ಟು ವರ್ಷ ತಪ್ಪದೆ ಹಂಚಿದ ಪ್ರಸಾದವನ್ನೂ ಹೊಗಳಿದ. ಚಪ್ಪಾಳೆ ತಟ್ಟಿದರು. ಕೊನೆಯ ಕೆಲಸ ಬಿಲ್ಲೆಯನ್ನು ಸ್ಟೋರಿಗೆ ಒಪ್ಪಿಸುವುದು. ಹಾರ ಹಾಕಿಕೊಂಡೇ ಕಿಟಕಿಗೆ ಹೋದೆ. ಶಿಫ್ಟು ಬಿಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಬಿಲ್ಲೆಯನ್ನು ಕಟ್ಟೆಯ ಮೇಲೆ ಬೋರಲಾಗಿ ಇಟ್ಟೆ.

ಅವನು ಬಿಲ್ಲೆಯನ್ನು ನೋಡಿದ. ನನ್ನ ಮುಖ ನೋಡಲು ತಡಮಾಡಿದ.

"ಎಷ್ಟ್ ದಿನದಿಂದ ಸಾರ್?"

"ಹದಿನೇಳು ವರ್ಷ" ಅಂದೆ.

ಅಲ್ಲೇ ನಿಂತು ಎಲ್ಲ ಹೇಳಿದೆ. ಲೇತಿನ ಹಿರಿಯರ ಬಿಲ್ಲೆಯಿಂದ ಶುರು ಮಾಡಿದೆ. ಕಾಮಾಲೆ, ನಶ್ಯದ ಡಬ್ಬಿ, ಗುರುವಾರ, ಬೆಂಚು. ಅರ್ಜಿಯನ್ನು ಯಾಕೆ ತಳ್ಳಿದೆ ಅನ್ನುವುದನ್ನು ಸುತ್ತುಬಳಸದೆ ಹೇಳಿದೆ. ಅವನು ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಆ ಪ್ರಸಾದ?" ಅಂದ.

"ಬೆಂಗ್ಳೂರು ಟೇಶನ್ ಎದುರುಗ್ಡೆ ಅಂಗ್ಡೀದು."

ಅವನು ನಕ್ಕ, ನಿಜವಾಗಿ ನಕ್ಕ, ಆಮೇಲೆ ಮುಖ ತಿರುಗಿಸಿಕೊಂಡ. "ಅದನ್ನ ಕ್ಯಾಬಿನ್ನಲ್ಲಿ ಇಟ್ಕೊಂಡಿದ್ದೆ ಸಾರ್. ನೆಲ ಕರೆದಾಗೆಲ್ಲ ಒಂದ್ ಹರಳು ಬಾಯಿಗೆ ಹಾಕ್ಕೊಂತಿದ್ದೆ. ಅದು ಕರಗೋ ತನಕ ಕೂತಿರ್ಬೇಕು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಹನ್ನೊಂದ್ ದಿನ ಬಂತು. ಹನ್ನೆರಡ್ನೇ ದಿನ ಪೊಟ್ಲ ಖಾಲಿ."

ಕಟ್ಟೆಯನ್ನು ಹಿಡಿದುಕೊಂಡೆ.

"ಸುಳ್ಳು ಹೇಳಿ ಕೊಟ್ಟ ಸಕ್ರೇನೇ ಅಷ್ಟ್ ದಿನ ಹಿಡ್ಕೊಂಡಿತ್ತು" ಅಂದ. "ನನಗೂ ಹಿಂಗೇ ಆಗಿತ್ತು ಕಣೋ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತಲ್ಲ ಸಾರ್."

ಕ್ಷಮಿಸು ಅನ್ನುವ ಮಾತು ಬಾಯಿಗೆ ಬಂತು. ಗಣಿಯ ಕೇಜು ಇಳಿಯುವಷ್ಟು ಆಳಕ್ಕೆ ತನ್ನೊಳಗೇ ಹೋಗಿ ಬಂದವನ ಮುಂದೆ ಅದು ತೀರ ಹಗುರವಾಗಿ ಕಂಡಿತು. ಆದರೂ ಹೇಳಿದೆ. ಅವನು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನನ್ನ ಬಿಲ್ಲೆಯನ್ನು ಕೈಗೆತ್ತಿಕೊಂಡು ಕಿಟಕಿಯ ಪಕ್ಕದ ಬಾಗಿಲಿನಿಂದ ಹೊರಗೆ ಬಂದ. ಒಪ್ಪಿಸಿದ ಬಿಲ್ಲೆ ಪೆಟ್ಟಿಗೆಗೆ ಹೋಗಬೇಕು, ಹಲಗೆಗಲ್ಲ. ಅವನು ಹಲಗೆಯ ಮುಂದೆ ನಿಂತು ನನ್ನನ್ನು ಕೇಳಿದ.

"ಹಾಕ್ಲಾ ಸಾರ್? ಈಗ ಎಲ್ಲಾ ಬರ್ತಾರೆ."

ಮೊಳೆಯ ಕೆಳಗೆ ನಂಬರು ಬರೆದಿದೆ, ಯಾರ ಬಿಲ್ಲೆ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಮೂವತ್ತಾರು ವರ್ಷದಲ್ಲಿ ಗಳಿಸಿದ ಹೆಸರು ಆ ಮೊಳೆಗೆ ತೂಗುತ್ತಿತ್ತು. ಹಾಕಪ್ಪಾ ಅಂದೆ.

ಬೋಳು ಮುಖವನ್ನು ಹೊರಗೆ ಮಾಡಿ ಹಾಕಿದ. ಅವನದರ ಪಕ್ಕದ ಸಾಲಿನಲ್ಲಿ, ಎರಡು ಮೊಳೆ ಕೆಳಗೆ. ಸೈರನ್ ಆಯಿತು. ತಮ್ಮ ತಮ್ಮ ಬಿಲ್ಲೆ ತೆಗೆದುಕೊಳ್ಳಲು ಜನ ಬರತೊಡಗಿದರು. ನಾನು ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು ಸಹಿತ ಹಲಗೆಯ ಪಕ್ಕದಲ್ಲಿ ನಿಂತಿದ್ದೆ. ಮೊದಲು ಬಂದವನು ಆ ವೆಲ್ಡಿಂಗಿನವನು. ಹ್ಯಾಂಡ್‌ಶೇಕಿಗೆ ಕೈ ಚಾಚಿದವನ ಕಣ್ಣು ಹಲಗೆಯ ಮೇಲೆ ಹೋಯಿತು, ನಂಬರಿನ ಮೇಲೆ ನಿಂತಿತು, ನನ್ನ ಮುಖಕ್ಕೆ ಬಂತು. ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಕೈ ಕೊಟ್ಟೆ.